ಹದಿಹರೆಯದ ಮಕ್ಕಳ ಊಟ, ಆಟ, ನಿದ್ದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹೈಸ್ಕೂಲು, ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳಿರುವ ಅಪ್ಪ ಅಮ್ಮಂದಿರು ಮತ್ತು ಅವರಿಗೆ ಪಾಠ ಹೇಳುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಎಲ್ಲ ಉತ್ತರಗಳ ಹಿಂದೆಯೂ ಒಂದೇ ಮಾತಿದೆ. ಈ ವಯಸ್ಸಿನ ಮಕ್ಕಳಿಗೆ ತೀರ್ಮಾನ ತಮ್ಮದು ಅನಿಸಬೇಕು. ಆ ತೀರ್ಮಾನ ಸುಲಭ ಆಗುವ ಹಾಗೆ ಮನೆ ಮತ್ತು ಶಾಲೆಯನ್ನು ಹೊಂದಿಸುವುದು ದೊಡ್ಡವರ ಕೆಲಸ.

ಎಷ್ಟು ಸಲ ಹೇಳಿದರೂ ಕೇಳಲ್ಲ. ಒಳ್ಳೆಯದಕ್ಕೇ ತಾನೇ ಹೇಳೋದು?

ಒಳ್ಳೆಯದಕ್ಕೇ ಹೇಳುತ್ತೀರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ನೀವು ಕೊಡುವ ಕಾರಣ ಅವರಿಗೆ ತಟ್ಟುವುದಿಲ್ಲ. "ಈಗ ಹೀಗೆಲ್ಲ ತಿಂದರೆ ಮುಂದೆ ಸಕ್ಕರೆ ಕಾಯಿಲೆ, ಬಿಪಿ ಬರುತ್ತೆ" ಅಂತ 14 ವರ್ಷದ ಹುಡುಗನಿಗೆ ಹೇಳಿದರೆ ಆ "ಮುಂದೆ" ಅನ್ನುವುದು ಯಾರೋ ಬೇರೆಯವರ ಜೀವನದ ಮಾತು. ಅವನಿಗೆ ಈಗ ಮುಖ್ಯವಾಗಿರುವುದು ತನ್ನ ವಿಷಯವನ್ನು ತಾನೇ ನಿರ್ಧರಿಸುವುದು, ಗೆಳೆಯರ ಮುಂದೆ ತಲೆ ತಗ್ಗಿಸದೆ ಇರುವುದು. ನೀವು ಒತ್ತಾಯ ಮಾಡಿದಷ್ಟೂ ಬೇಡ ಅನ್ನುವುದೇ ಅವನಿಗೆ ಸ್ವಾತಂತ್ರ್ಯದ ಗುರುತಾಗುತ್ತದೆ.

ಅಮೆರಿಕದ ಸಂಶೋಧಕರಾದ ಕ್ರಿಸ್ಟೋಫರ್ ಬ್ರಯಾನ್, ಡೇವಿಡ್ ಯೇಗರ್ ಮತ್ತು ಜೊತೆಗಾರರು ಇದನ್ನೇ ಶಾಲೆಯಲ್ಲಿ ಪರೀಕ್ಷೆ ಮಾಡಿ ನೋಡಿದರು. ಎಂಟನೇ ತರಗತಿಯ ಕೆಲವು ಮಕ್ಕಳಿಗೆ ಮಾಮೂಲಿ ಆರೋಗ್ಯ ಪಾಠ ಕೊಟ್ಟರು. ಉಳಿದವರಿಗೆ ಬೇರೆ ಲೇಖನ ಓದಲು ಕೊಟ್ಟರು. ಆಹಾರ ಕಂಪನಿಗಳು ಒಂದು ತಿಂದರೆ ಇನ್ನೊಂದು ಬೇಕು ಅನಿಸುವ ಹಾಗೆ ತಿನಿಸನ್ನು ಹೇಗೆ ತಯಾರಿಸುತ್ತವೆ, ಏನೂ ತಿಳಿಯದ ಪುಟ್ಟ ಮಕ್ಕಳನ್ನು ಜಾಹೀರಾತಿನಲ್ಲಿ ಹೇಗೆ ಗುರಿ ಮಾಡುತ್ತವೆ ಅನ್ನುವುದು ಅದರಲ್ಲಿತ್ತು. 2016ರಲ್ಲಿ ಬಂದ ವರದಿ ಪ್ರಕಾರ ಈ ಎರಡನೇ ಗುಂಪಿನ ಮಕ್ಕಳು ಮರುದಿನ ತಿಂಡಿ ಆರಿಸಿಕೊಳ್ಳುವಾಗ ಸಕ್ಕರೆಯ ಪಾನೀಯ, ಪೊಟ್ಟಣದ ತಿನಿಸು ಕಡಿಮೆ ತೆಗೆದುಕೊಂಡರು. 2019ರಲ್ಲಿ ಇದೇ ತಂಡ ಶಾಲೆಯ ಕ್ಯಾಂಟೀನಿನಲ್ಲಿ ಮಕ್ಕಳು ಏನು ಕೊಳ್ಳುತ್ತಾರೆ ಅಂತ ತಿಂಗಳುಗಟ್ಟಲೆ ಗಮನಿಸಿತು. ಬದಲಾವಣೆ ಉಳಿದಿತ್ತು, ಅದರಲ್ಲೂ ಹುಡುಗರಲ್ಲಿ.

ಮನೆಯಲ್ಲಿ ಇದನ್ನು ಹೀಗೆ ಬಳಸಬಹುದು. ಜಾಹೀರಾತು ಬಂದಾಗ ಉಪದೇಶ ಬೇಡ. "ಇದು ಯಾರನ್ನು ನೋಡಿಕೊಂಡು ಮಾಡಿರೋದು ಅನ್ಸುತ್ತೆ?" ಅಂತ ಒಂದು ಪ್ರಶ್ನೆ ಕೇಳಿ ಸುಮ್ಮನಾಗಿ. ತಮ್ಮನ್ನು ಯಾರೋ ಯಾಮಾರಿಸುತ್ತಿದ್ದಾರೆ ಅಂತ ಗೊತ್ತಾದರೆ ಈ ವಯಸ್ಸಿನವರಿಗೆ ಬರುವ ಸಿಟ್ಟು ದೊಡ್ಡ ಶಕ್ತಿ.

ಹಾಗಾದರೆ ಏನು ತಿನ್ನಬೇಕು ಅನ್ನುವುದನ್ನು ಪೂರ್ತಿ ಅವರಿಗೇ ಬಿಡಬೇಕಾ?

ಬೇಡ. ಪೋಷಣೆ ತಜ್ಞೆ ಎಲಿನ್ ಸ್ಯಾಟರ್ ಹೇಳುವ ಒಂದು ಸರಳ ಪಾಲುಗಾರಿಕೆ ಇದೆ. ಮನೆಯಲ್ಲಿ ಏನು ಮಾಡುವುದು, ಯಾವ ಹೊತ್ತಿಗೆ, ಎಲ್ಲಿ ಕೂತು ತಿನ್ನುವುದು ಅನ್ನುವುದು ದೊಡ್ಡವರ ಜವಾಬ್ದಾರಿ. ಅದರಲ್ಲಿ ಎಷ್ಟು ತಿನ್ನುವುದು, ತಿನ್ನುವುದೋ ಬಿಡುವುದೋ ಅನ್ನುವುದು ಮಕ್ಕಳದು. ಮಕ್ಕಳು ಬೆಳೆದ ಹಾಗೆ ಮೊದಲನೆಯದರಲ್ಲೂ ಪಾಲು ಕೊಡುತ್ತಾ ಹೋಗಬೇಕು. ವಾರದಲ್ಲಿ ಒಂದು ಊಟ ಅವರೇ ಯೋಚಿಸಿ, ಸಾಮಾನು ತಂದು, ಅಡುಗೆ ಮಾಡಲಿ. ಉಪ್ಪು ಜಾಸ್ತಿಯಾದರೂ ಎಲ್ಲರೂ ಕೂತು ತಿನ್ನಿ. ತರಕಾರಿ ಹೆಚ್ಚಿ ಬೇಯಿಸಿದ ಕೈ ಅದನ್ನು ತಿನ್ನುವುದೂ ಜಾಸ್ತಿ.

ಇನ್ನೊಂದು ಸಣ್ಣ ಸಂಗತಿ, ಆದರೆ ಪರಿಣಾಮ ದೊಡ್ಡದು. ಹಣ್ಣು ಫ್ರಿಜ್ಜಿನ ತಳದ ಡಬ್ಬದಲ್ಲಿದ್ದು ಬಿಸ್ಕತ್ತಿನ ಡಬ್ಬಿ ಕಣ್ಣೆದುರಿಗಿದ್ದರೆ, ಶಾಲೆಯಿಂದ ಹಸಿದು ಬಂದವರ ಕೈ ಹೋಗುವುದು ಬಿಸ್ಕತ್ತಿಗೇ. ಅವರು ಬರುವ ಹೊತ್ತಿಗೆ ಹಣ್ಣನ್ನು ತೊಳೆದು, ಹೆಚ್ಚಿ, ಬಟ್ಟಲಲ್ಲಿ ಹಾಕಿ ಮೇಜಿನ ಮೇಲೆ ಇಡಿ. ತಿನ್ನು ಅಂತ ಹೇಳಬೇಡಿ. ಬ್ಯಾಗು ಕೆಳಗಿಟ್ಟು ಮಾತಾಡುತ್ತಾ ಮಾತಾಡುತ್ತಾ ಒಂದೊಂದೇ ಹೋಳು ಖಾಲಿಯಾಗುತ್ತದೆ.

ದಿನಕ್ಕೆ ಎಷ್ಟು ಹೊತ್ತು ಆಟ ಅಥವಾ ವ್ಯಾಯಾಮ ಬೇಕು?

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಂಥ ಚಟುವಟಿಕೆ ಬೇಕು. ವಾರದಲ್ಲಿ 3 ದಿನವಾದರೂ ಜೋರಾದ ಓಟ, ಆಟ ಮತ್ತು ಮೂಳೆ, ಸ್ನಾಯು ಗಟ್ಟಿ ಮಾಡುವಂಥದ್ದು ಇರಬೇಕು. ಅಂದರೆ ನೆಗೆಯುವುದು, ಹತ್ತುವುದು, ದಂಡ ಹೊಡೆಯುವುದು ಇಂಥವು. ಸರಾಸರಿ ಅನ್ನುವ ಪದವನ್ನು ಗಮನಿಸಿ. ಒಂದು ದಿನ ತಪ್ಪಿತು ಅಂತ ಎಲ್ಲವೂ ಹಾಳಾಗುವುದಿಲ್ಲ. ಒಂದೇ ಸಮನೆ ಒಂದು ಗಂಟೆ ಮಾಡಬೇಕು ಅಂತಲೂ ಇಲ್ಲ. ಶಾಲೆಗೆ ಚುರುಕಾಗಿ ನಡೆದು ಹೋಗಿ ಬಂದದ್ದು, ಸೈಕಲ್ ತುಳಿದದ್ದು, ಬಿಡುವಿನಲ್ಲಿ ಆಡಿದ್ದು, ಎಲ್ಲ ಲೆಕ್ಕಕ್ಕೆ ಸೇರುತ್ತೆ.

ಉಸಿರು ಏರಿದೆಯಾ ಅಂತ ನೋಡುವುದು ಸುಲಭ. ಮಾತಾಡಲು ಆಗುತ್ತೆ, ಆದರೆ ಹಾಡಲು ಆಗಲ್ಲ ಅಂದರೆ ಸಾಧಾರಣ ಶ್ರಮ. ನಾಲ್ಕು ಪದ ಆಡುವಷ್ಟರಲ್ಲಿ ಏದುಸಿರು ಬಂದರೆ ಅದು ಜೋರು.

ನಿಮ್ಮ ಮಗು ಇಷ್ಟು ಮಾಡುತ್ತಿಲ್ಲ ಅಂದರೆ ಅದು ನಿಮ್ಮ ಮನೆಯ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. 146 ದೇಶಗಳ ಲೆಕ್ಕ ಹಾಕಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 11ರಿಂದ 17 ವರ್ಷದ ಶಾಲಾ ಮಕ್ಕಳಲ್ಲಿ ಶೇ. 81ರಷ್ಟು ಜನ ಈ ಒಂದು ಗಂಟೆಯನ್ನು ಮುಟ್ಟುತ್ತಿರಲಿಲ್ಲ. ಐವರಲ್ಲಿ ನಾಲ್ವರು! ಇದನ್ನು ಬರೀ ಮಕ್ಕಳ ಸೋಮಾರಿತನ ಅಂತ ಹೇಗೆ ಹೇಳುವುದು?

ನಮ್ಮ ಹುಡುಗನಿಗೆ ಆಟ ಅಂದರೇ ಆಗಲ್ಲ. ಏನು ಮಾಡೋದು?

ಅವನಿಗೆ ಆಗದೆ ಇರುವುದು ಆಟವಾ, ಅಥವಾ ಎಲ್ಲರ ಮುಂದೆ ಸೋಲುವುದಾ? ತಂಡ ಮಾಡುವಾಗ ಕೊನೆಗೆ ಉಳಿಯುವ ಹುಡುಗನಿಗೆ ಮೈದಾನ ಅಂದರೆ ಅವಮಾನದ ಜಾಗ. ಅವನಿಗೆ ಸ್ಪರ್ಧೆ ಇಲ್ಲದ ದಾರಿಗಳನ್ನು ತೋರಿಸಿ. ಕುಣಿತ, ಈಜು, ಬೆಟ್ಟ ಹತ್ತುವುದು, ಸೈಕಲ್, ನಾಯಿಯನ್ನು ಸುತ್ತಾಡಿಸುವುದು, ತೋಟದ ಕೆಲಸ. ನಾಲ್ಕೈದು ರುಚಿ ನೋಡಲಿ, ಹಿಡಿಸಿದ್ದನ್ನು ಉಳಿಸಿಕೊಳ್ಳಲಿ. ಜೊತೆಗೆ ಒಬ್ಬ ಗೆಳೆಯ ಸಿಕ್ಕಿಬಿಟ್ಟರೆ ನಿಮ್ಮ ಅರ್ಧ ಕೆಲಸ ಮುಗಿದ ಹಾಗೆ.

ಹುಡುಗಿಯರು ಚೆನ್ನಾಗಿ ಆಡುತ್ತಿದ್ದವರು ಇದ್ದಕ್ಕಿದ್ದಂತೆ ಬಿಟ್ಟುಬಿಡುತ್ತಾರೆ, ಯಾಕೆ?

ಈ ಪ್ರಶ್ನೆಯನ್ನು ಇನ್ನೂ ಹೆಚ್ಚು ಜನ ಕೇಳಬೇಕು. ಮೇಲೆ ಹೇಳಿದ 146 ದೇಶಗಳ ಅಧ್ಯಯನದಲ್ಲೇ ಸಾಕಷ್ಟು ಚಟುವಟಿಕೆ ಇಲ್ಲದ ಹುಡುಗರು ಶೇ. 78, ಹುಡುಗಿಯರು ಶೇ. 85. ಕಾರಣಗಳು ಹೆಚ್ಚಿನಂಶ ಬಾಯಿಬಿಟ್ಟು ಹೇಳದಂಥವು. ಎದೆ ಬೆಳೆಯುವ ವಯಸ್ಸಿನಲ್ಲಿ ಸರಿಯಾದ ಒಳಉಡುಪು ಇಲ್ಲದೆ ಓಡಿದರೆ ನೋವಾಗುತ್ತದೆ, ನಾಚಿಕೆಯಾಗುತ್ತದೆ. ಮುಟ್ಟಿನ ದಿನ ಬಟ್ಟೆಗೆ ಕಲೆಯಾದರೆ ಅನ್ನುವ ಭಯ. ಬಟ್ಟೆ ಬದಲಿಸಲು ಬಾಗಿಲು ಹಾಕಿಕೊಳ್ಳುವ ಕೋಣೆ ಇರಲ್ಲ. ಮೈದಾನದ ಅಂಚಿನಲ್ಲಿ ನಿಂತು ಮೈ ನೋಡಿ ಕಾಮೆಂಟ್ ಹೊಡೆಯುವವರು ಇರುತ್ತಾರೆ. ಇಷ್ಟೆಲ್ಲ ಮನಸ್ಸಲ್ಲಿ ಇಟ್ಟುಕೊಂಡ ಹುಡುಗಿ ಆಟದ ಪೀರಿಯಡ್ಡಿನಲ್ಲಿ "ಹೊಟ್ಟೆನೋವು ಮಿಸ್" ಅಂತ ಹೇಳಿ ಮರದ ಕೆಳಗೆ ಕೂರುತ್ತಾಳೆ. ಅವಳಿಗೆ ಆಸಕ್ತಿ ಇಲ್ಲ ಅಂತ ನಾವು ಬರೆದುಕೊಳ್ಳುತ್ತೇವೆ.

ಮಾಡಬೇಕಾದದ್ದು ಸ್ಪಷ್ಟ. ಆಟಕ್ಕೆ ತಕ್ಕ ಬ್ರಾ ಕೊಡಿಸಿ, ಅದನ್ನು ಬೂಟು ಕೊಡಿಸಿದಷ್ಟೇ ಸಹಜವಾಗಿ ಮಾಡಿ. ಆಟದ ಬಟ್ಟೆ ಗಾಢ ಬಣ್ಣದ್ದಿರಲಿ, ಸಡಿಲವೋ ಬಿಗಿಯೋ ಅವಳೇ ಆರಿಸಲಿ. ಶಾಲೆಯಲ್ಲಿ ನೀರು ಬರುವ, ಚಿಲಕ ಹಾಕುವ ಶೌಚಾಲಯ ಇರಲೇಬೇಕು. ಮೈ ಬಗ್ಗೆ ಆಡುವ ಮಾತನ್ನು ಮೇಷ್ಟ್ರು ಮೊದಲ ಸಲಕ್ಕೇ ತಡೆಯಬೇಕು. ಮುಟ್ಟಿನಲ್ಲಿ ಆಡಬಾರದು ಅನ್ನಲು ವೈದ್ಯಕೀಯ ಕಾರಣ ಇಲ್ಲ. ಹಗುರ ವ್ಯಾಯಾಮದಿಂದ ಎಷ್ಟೋ ಜನರಿಗೆ ನೋವು ಕಡಿಮೆಯಾಗುತ್ತದೆ. ಮೈ ಬೇಡ ಅಂದ ದಿನ ಕೂರಲಿ, ಅದೂ ಅವಳ ಆಯ್ಕೆ.

ಪರೀಕ್ಷೆ ವರ್ಷ. ಒಂದು ವರ್ಷ ಆಟ ಬಿಟ್ಟರೆ ಏನಾಗುತ್ತೆ?

ಓದಿಗೇ ನಷ್ಟ ಆಗುತ್ತೆ. ಓಡಾಡಿ ಬಂದ ಮೇಲೆ ಗಮನ ನಿಲ್ಲುವುದು, ರಾತ್ರಿ ನಿದ್ದೆ ಚೆನ್ನಾಗಿ ಬರುವುದು, ಆತಂಕ ತಗ್ಗುವುದು, ಇವೆಲ್ಲ ಓದುವವರಿಗೇ ಜಾಸ್ತಿ ಬೇಕಾದವು. ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಟ್ಟರೆ ಅಂಕ ಏರುತ್ತೆ ಅನ್ನುವ ನಂಬಿಕೆ ತಪ್ಪು, ಮತ್ತು ಪರೀಕ್ಷೆ ಹತ್ತಿರ ಬಂದ ಹಾಗೆಲ್ಲ ಅದನ್ನೇ ಮಾಡುತ್ತೇವೆ ಅನ್ನುವುದು ಬೇಸರದ ವಿಷಯ. ಪೂರ್ತಿ ಗಂಟೆ ಆಗದಿದ್ದರೆ ಸಂಜೆ 20 ನಿಮಿಷ ಚುರುಕಾದ ನಡಿಗೆ, ಓದಿನ ನಡುವೆ ಗಂಟೆಗೊಮ್ಮೆ ಎದ್ದು ಐದು ನಿಮಿಷ ಮೈ ಸಡಿಲ ಮಾಡುವುದು. ಇಷ್ಟನ್ನಾದರೂ ಬಿಡಬೇಡಿ.

ತಟ್ಟೆಯಲ್ಲಿ ಏನೇನು ಇರಬೇಕು?

ಅರ್ಧ ತಟ್ಟೆ ತರಕಾರಿ ಮತ್ತು ಹಣ್ಣು. ಕಾಲು ಭಾಗ ಧಾನ್ಯ, ಆದಷ್ಟೂ ತೌಡು ತೆಗೆಯದ್ದು. ಉಳಿದ ಕಾಲು ಭಾಗ ಬೇಳೆಕಾಳು, ಮೊಟ್ಟೆ, ಮೀನು, ಮಾಂಸ ಇಂಥದ್ದು, ನಿಮ್ಮ ಮನೆಯ ರೂಢಿಗೆ ತಕ್ಕ ಹಾಗೆ. ಹತ್ತು ವರ್ಷ ದಾಟಿದವರಿಗೆ ತರಕಾರಿ ಹಣ್ಣು ಸೇರಿ ದಿನಕ್ಕೆ 400 ಗ್ರಾಂ ಆದರೂ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಈ ವಯಸ್ಸಿನಲ್ಲಿ ಎರಡು ವಿಷಯಕ್ಕೆ ವಿಶೇಷ ಗಮನ ಬೇಕು. ಒಂದು ಕ್ಯಾಲ್ಸಿಯಂ. ಮೂಳೆಯ ಗಟ್ಟಿತನದ ಸುಮಾರು ಶೇ. 90 ಭಾಗ ಇಪ್ಪತ್ತರ ಒಳಗೇ ಕೂಡಿಕೊಳ್ಳುತ್ತದೆ, ಆಮೇಲೆ ಸೇರಿಸುವುದಕ್ಕೆ ಹೆಚ್ಚೇನೂ ಉಳಿದಿರಲ್ಲ. ಹಾಲು, ಮೊಸರು, ಎಳ್ಳು, ಸೊಪ್ಪು ದಿನವೂ ಇರಲಿ. ಇನ್ನೊಂದು ಕಬ್ಬಿಣದ ಅಂಶ. ಮುಟ್ಟು ಶುರುವಾದ ಹುಡುಗಿಯರಲ್ಲಿ ಇದು ಸುಲಭವಾಗಿ ಕಡಿಮೆಯಾಗುತ್ತದೆ. ಸದಾ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಬಿಳಚಿದ ಮುಖ, ಪಾಠದಲ್ಲಿ ಗಮನ ಇಲ್ಲ ಅಂದರೆ ಬೈಯುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಕಾಳು ಸೊಪ್ಪಿನ ಜೊತೆ ನಿಂಬೆ, ಸೀಬೆ, ಕಿತ್ತಳೆ ತರಹದ ವಿಟಮಿನ್ ಸಿ ಇರುವ ಹಣ್ಣು ಇದ್ದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಜೊತೆಗೇ ಟೀ ಕಾಫಿ ಕುಡಿದರೆ ಅದು ಹೀರಿಕೊಳ್ಳುವುದು ಕಡಿಮೆಯಾಗುತ್ತದೆ, ಹಾಗಾಗಿ ಒಂದು ಗಂಟೆ ಬಿಟ್ಟು ಕುಡಿಯಲಿ.

ಕೂಲ್ ಡ್ರಿಂಕ್ಸ್ ಅಷ್ಟೊಂದು ಕೆಟ್ಟದ್ದಾ?

ನಾನು ಹೇಳುವುದಕ್ಕಿಂತ ಬಾಟಲಿ ಹೇಳಲಿ. ಮಗ ಅಥವಾ ಮಗಳ ಕೈಗೇ ಬಾಟಲಿ ಕೊಟ್ಟು ಹಿಂದಿನ ಸಣ್ಣ ಅಕ್ಷರ ಓದಲು ಹೇಳಿ. ಅಂಕಿ ಇರುವುದು 100 ಮಿಲಿಗೆ. ಸಾಮಾನ್ಯವಾಗಿ ಸಕ್ಕರೆ 10 ಗ್ರಾಂ ಆಸುಪಾಸು ಇರುತ್ತದೆ. ಓಹೋ, ಹತ್ತೇ ಗ್ರಾಂ ಅನಿಸುತ್ತೆ. ಈಗ ಬಾಟಲಿ ಎಷ್ಟರದ್ದು ನೋಡಲಿ. ಅರ್ಧ ಲೀಟರ್ ಆದರೆ 50 ಗ್ರಾಂ. ಒಂದು ಟೀ ಚಮಚಕ್ಕೆ ಸುಮಾರು 4 ಗ್ರಾಂ, ಅಂದರೆ ಹನ್ನೆರಡು ಚಮಚ ದಾಟಿತು. ಒಂದು ಖಾಲಿ ಲೋಟ ಕೊಟ್ಟು ಅಷ್ಟು ಚಮಚ ಸಕ್ಕರೆಯನ್ನು ಅವರ ಕೈಯಲ್ಲೇ ಎಣಿಸಿ ಹಾಕಿಸಿ. ಆರನೇ ಚಮಚಕ್ಕೆ ಮುಖ ಬದಲಾಗುವುದನ್ನು ನೋಡಬಹುದು. ಹೊರಗಿಂದ ಸೇರಿಸಿದ ಸಕ್ಕರೆ ದಿನದ ಒಟ್ಟು ಕ್ಯಾಲೊರಿಯ ಶೇ. 10ರ ಒಳಗಿರಬೇಕು, ಶೇ. 5 ಆದರೆ ಇನ್ನೂ ಒಳ್ಳೆಯದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2000 ಕ್ಯಾಲೊರಿ ತಿನ್ನುವವರಿಗೆ ಶೇ. 10 ಅಂದರೆ 50 ಗ್ರಾಂ. ಆ ಒಂದು ಬಾಟಲಿಗೇ ದಿನದ ಲೆಕ್ಕ ಮುಗಿಯಿತು.

ಹಣ್ಣಿನ ಚಿತ್ರ ಇರುವ ಪೊಟ್ಟಣದ ಜ್ಯೂಸಿಗೂ ಇದೇ ಲೆಕ್ಕ ಹಾಕಿ ನೋಡಿ. ಪೊಟ್ಟಣದ ತಿನಿಸಿನಲ್ಲಿ ಯಾವುದು ಜಾಸ್ತಿ ಇದೆಯೋ ಅದನ್ನೇ ಪಟ್ಟಿಯಲ್ಲಿ ಮೊದಲು ಬರೆದಿರುತ್ತಾರೆ. ಡೆಕ್ಸ್‌ಟ್ರೋಸ್, ಮಾಲ್ಟೋಸ್, ಕಾರ್ನ್ ಸಿರಪ್ ಇವೆಲ್ಲ ಸಕ್ಕರೆಯ ಬೇರೆ ಬೇರೆ ಹೆಸರುಗಳು.

ಎನರ್ಜಿ ಡ್ರಿಂಕ್ ಮಾತ್ರ ಬೇಡವೇ ಬೇಡ. 250 ಮಿಲಿ ಡಬ್ಬಿಯಲ್ಲಿ ಸುಮಾರು 80 ಮಿಲಿಗ್ರಾಂ ಕೆಫೀನ್ ಇರುತ್ತದೆ. ಮಕ್ಕಳಿಗೆ, ಹದಿಹರೆಯದವರಿಗೆ ಇದು ಸಲ್ಲದು ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲೇ ಹೇಳಿದೆ. ಆಟ ಆಡಿ ಬಂದವರಿಗೆ ನೀರು ಸಾಕು.

ಜಂಕ್ ಫುಡ್ ಪೂರ್ತಿ ನಿಲ್ಲಿಸಬೇಕಾ?

ನಿಲ್ಲಿಸಲು ಹೋದರೆ ಕದ್ದು ತಿನ್ನುವುದು ಶುರುವಾಗುತ್ತದೆ. ಗೆಳೆಯರ ಜೊತೆ ಹೋದಾಗ ತಿನ್ನಲಿ, ಖುಷಿಯಾಗಿ ತಿನ್ನಲಿ. ದಿನವೂ ಮನೆಗೆ ತಂದು ತುಂಬಿಸಿಡಬೇಡಿ, ಅಷ್ಟೇ. "ಅಂಕ ಬಂದರೆ ಪಿಜ್ಜಾ" ಅನ್ನುವ ಬಹುಮಾನವೂ ಬೇಡ. ಅದನ್ನು ಕೇಳಿದ ಮಗುವಿಗೆ ಪಿಜ್ಜಾ ಅಂದರೆ ಗೆಲುವು, ತರಕಾರಿ ಅಂದರೆ ಶಿಕ್ಷೆ ಅಂತ ಮನಸ್ಸಲ್ಲಿ ಕೂತುಬಿಡುತ್ತೆ.

ಬೆಳಿಗ್ಗೆ ತಿಂಡಿ ತಿನ್ನದೆ ಓಡುತ್ತಾರೆ.

ಹೆಚ್ಚಿನವರಿಗೆ ಇದು ನಿದ್ದೆಯ ಸಮಸ್ಯೆ. ತಡವಾಗಿ ಮಲಗಿ, ತಡವಾಗಿ ಎದ್ದವರಿಗೆ ಹಸಿವೂ ಇರಲ್ಲ, ಹೊತ್ತೂ ಇರಲ್ಲ. ಸದ್ಯಕ್ಕೆ ಒಂದು ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಒಂದು ಹಿಡಿ ಬೀಜ, ಹೀಗೆ ಕೈಯಲ್ಲಿ ಹಿಡಿದು ಹೋಗುವಂಥದ್ದನ್ನು ಕೊಡಿ.

ಮೊಬೈಲು, ನಿದ್ದೆ ಇದಕ್ಕೆಲ್ಲ ಹೇಗೆ ಸಂಬಂಧ?

13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಹದಿಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ, ಹಾಗಾಗಿ ಅವರಿಗೆ ಬೇಗ ನಿದ್ದೆ ಬರದಿರುವುದು ಬರೀ ಹಠ ಅಲ್ಲ. ಅದರ ಮೇಲೆ ಮೊಬೈಲು ಸೇರಿದರೆ ಇನ್ನೂ ಒಂದೆರಡು ಗಂಟೆ ಹೋಯಿತು. ನಿದ್ದೆಗೆಟ್ಟ ಮೈ ಮರುದಿನ ಸಿಹಿ, ಕರಿದದ್ದನ್ನೇ ಕೇಳುತ್ತದೆ, ಆಟಕ್ಕೆ ಏಳಲ್ಲ. ರಾತ್ರಿ ಎಲ್ಲರ ಮೊಬೈಲೂ ನಡುಮನೆಯಲ್ಲಿ ಚಾರ್ಜಿಗಿರಲಿ. ಎಲ್ಲರ ಅಂದರೆ ನಿಮ್ಮದೂ ಸೇರಿ.

ಮಗ ಜಿಮ್ಮಿಗೆ ಹೋಗುತ್ತೇನೆ, ಪ್ರೋಟೀನ್ ಪೌಡರ್ ಬೇಕು ಅನ್ನುತ್ತಾನೆ. ಎತ್ತರ ನಿಂತುಹೋಗಲ್ವಾ?

ಭಾರ ಎತ್ತಿದರೆ ಬೆಳವಣಿಗೆ ನಿಲ್ಲುತ್ತೆ ಅನ್ನುವುದು ನಿಜವಲ್ಲ. ಕಲಿಸುವವರು ಜೊತೆಗಿದ್ದು, ಕಡಿಮೆ ಭಾರದಿಂದ ಶುರುಮಾಡಿ, ಎತ್ತುವ ರೀತಿ ಸರಿಯಾಗಿ ಕಲಿತರೆ ಒಳ್ಳೆಯದೇ. ಯಾರು ಜಾಸ್ತಿ ಎತ್ತುತ್ತಾರೆ ಅನ್ನುವ ಪೈಪೋಟಿ ಬೇಡ. ಪೌಡರಿನ ಅಗತ್ಯ ಹೆಚ್ಚಿನವರಿಗೆ ಇಲ್ಲ. 14ರಿಂದ 18ರವರಿಗೆ ಕೆಜಿ ತೂಕಕ್ಕೆ ದಿನಕ್ಕೆ 0.85 ಗ್ರಾಂ ಪ್ರೋಟೀನ್ ಅನ್ನುವುದು ಅಮೆರಿಕದ ಪ್ರಮಾಣ. 60 ಕೆಜಿ ಹುಡುಗನಿಗೆ ಸುಮಾರು 51 ಗ್ರಾಂ. ಚೆನ್ನಾಗಿ ಕಸರತ್ತು ಮಾಡುವವರಿಗೆ ಇನ್ನಷ್ಟು ಬೇಕಾಗಬಹುದು, ಅದೂ ಬೇಳೆ, ಕಾಳು, ಹಾಲು, ಮೊಟ್ಟೆಯಲ್ಲೇ ಸಿಗುತ್ತದೆ. ಯಾರೋ ಗುಳಿಗೆ, ಇಂಜೆಕ್ಷನ್ ಕೊಡುತ್ತೇನೆ ಅಂದರೆ ಆ ಜಿಮ್ ಬಿಡಿಸಿ.

ಮಗಳ ತೂಕ ಜಾಸ್ತಿ ಇದೆ. ಡಯಟ್ ಮಾಡಿಸಬಹುದಾ?

ದಯವಿಟ್ಟು ನಿಮ್ಮಷ್ಟಕ್ಕೆ ಮಾಡಿಸಬೇಡಿ. ಬೆಳೆಯುವ ವಯಸ್ಸಿನಲ್ಲಿ ತೂಕ ಏರುವುದು ಸಹಜ. ಎಷ್ಟೋ ಮಕ್ಕಳು ಮೊದಲು ಅಗಲವಾಗಿ ಆಮೇಲೆ ಎತ್ತರ ಆಗುತ್ತಾರೆ. ದೊಡ್ಡವರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಅಂಕಿಯನ್ನು ಇವರಿಗೆ ಹಚ್ಚಬಾರದು. ವಯಸ್ಸು, ಹುಡುಗ ಹುಡುಗಿ ನೋಡಿ ಮಾಡಿದ ಬೇರೆ ಕೋಷ್ಟಕ ಇದೆ, ವೈದ್ಯರು ಅದರಲ್ಲಿ ನೋಡುತ್ತಾರೆ.

ಅಮೆರಿಕದ ಮಿನ್ನೆಸೋಟದಲ್ಲಿ ಹದಿಹರೆಯದವರನ್ನು ಐದು ವರ್ಷ ಬಿಟ್ಟು ಮತ್ತೆ ನೋಡಿದ ಅಧ್ಯಯನವೊಂದಿದೆ. ಊಟ ಬಿಡುವುದು, ಉಪವಾಸ ಇವೆಲ್ಲ ಮಾಡಿದ ಮಕ್ಕಳ ತೂಕ ಮಾಡದವರಿಗಿಂತ ಹೆಚ್ಚೇ ಏರಿತ್ತು, ಜೊತೆಗೆ ಊಟದ ಮಾನಸಿಕ ಕಾಯಿಲೆಗಳ ಅಪಾಯವೂ ಜಾಸ್ತಿ ಇತ್ತು. ಅದಕ್ಕೇ ಅಮೆರಿಕದ ಮಕ್ಕಳ ವೈದ್ಯರು 2016ರಲ್ಲಿ ಕೊಟ್ಟ ಸಲಹೆಯಲ್ಲಿ ಡಯಟ್ ಬೇಡ, ಮನೆಯಲ್ಲಿ ತೂಕದ ಮಾತೇ ಬೇಡ, ಎಲ್ಲರೂ ಕೂತು ಉಣ್ಣುವುದನ್ನು ಹೆಚ್ಚಿಸಿ ಅಂದರು.

ತೂಕದ ಮಾತು ಬೇಡ ಅಂದರೆ ತಮಾಷೆಗೂ ಬೇಡ. ಬಂದ ನೆಂಟರು "ಏನಮ್ಮ, ಗುಂಡಗಾಗಿದ್ದೀಯ" ಅಂದರೆ ಅಲ್ಲೇ, ಮಗಳ ಎದುರಿಗೇ "ಅವಳ ಮೈ ಬಗ್ಗೆ ಮಾತು ಬೇಡ ಅತ್ತೆ" ಅಂತ ಹೇಳಿ. ಅವಳು ಅದನ್ನು ಮರೆಯಲ್ಲ. ಬದಲಾವಣೆ ಬೇಕಾದರೆ ಇಡೀ ಮನೆಗೆ ಮಾಡಿ. ಒಬ್ಬಳ ತಟ್ಟೆ ಮಾತ್ರ ಬೇರೆಯಾದರೆ ಅವಳಿಗೆ ಅದು ಶಿಕ್ಷೆ.

ಇವು ಕಂಡರೆ ತಡಮಾಡದೆ ವೈದ್ಯರ ಹತ್ತಿರ ಹೋಗಿ: ತೂಕ ಬೇಗ ಇಳಿಯುವುದು, ಊಟವಾದ ಕೂಡಲೇ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, ಎಲ್ಲರ ಜೊತೆ ಉಣ್ಣುವುದನ್ನು ತಪ್ಪಿಸುವುದು, ಪೆಟ್ಟಾಗಿದ್ದರೂ ವ್ಯಾಯಾಮ ಬಿಡದಿರುವುದು, ಮುಟ್ಟು ಮೂರು ತಿಂಗಳು ನಿಲ್ಲುವುದು. ಊಟದ ಮಾನಸಿಕ ಕಾಯಿಲೆ ಹುಡುಗರಲ್ಲೂ ಬರುತ್ತದೆ. ತೂಕ ಸರಿಯಾಗಿ ಕಾಣುವ ಮಕ್ಕಳಲ್ಲೂ ಬರುತ್ತದೆ.

ಶಾಲೆಯವರು ಏನು ಮಾಡಬಹುದು?

ಮೊದಲನೆಯದು, ತಪ್ಪು ಮಾಡಿದವರನ್ನು ಮೈದಾನ ಸುತ್ತು ಓಡಿಸುವುದನ್ನು ಬಿಡಬೇಕು. ಓಟವನ್ನೇ ಶಿಕ್ಷೆ ಮಾಡಿ, ನಾಳೆ ಓಡು ಬಾ ಅಂದರೆ ಯಾರು ಬರುತ್ತಾರೆ? ತರಗತಿಯಲ್ಲಿ ಎಲ್ಲರೆದುರು ತೂಕ ನೋಡಿ ಕೂಗಿ ಹೇಳುವುದೂ ನಿಲ್ಲಬೇಕು. ಕುಡಿಯುವ ನೀರು ಕೈಗೆಟುಕುವ ಹಾಗಿರಲಿ. ಕ್ಯಾಂಟೀನಿನಲ್ಲಿ ಏನಿರಬೇಕು ಅನ್ನುವ ಸಮಿತಿಯಲ್ಲಿ ಮಕ್ಕಳಿಗೆ ನಿಜವಾದ ಮಾತು ಇರಲಿ, ಹೆಸರಿಗೆ ಮಾತ್ರ ಕೂರಿಸಬೇಡಿ. ಮೈದಾನ ಶಾಲೆಯ ತಂಡದ ಹನ್ನೊಂದು ಜನರದ್ದಷ್ಟೇ ಆಗದೆ, ಆಡಲು ಬಾರದವರಿಗೂ ಒಂದು ಮೂಲೆ, ಒಂದು ಚೆಂಡು, ಅರ್ಧ ಗಂಟೆ ಸಿಗಬೇಕು.

ಎಷ್ಟು ದಿನದಲ್ಲಿ ಅಭ್ಯಾಸ ಆಗುತ್ತೆ? 21 ದಿನ ಅಂತಾರಲ್ಲ?

21 ದಿನ ಅನ್ನುವುದಕ್ಕೆ ಆಧಾರ ಇಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೊಡ್ಡವರಿಗೇ ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರ ಲೆಕ್ಕ 254 ದಿನಕ್ಕೆ ಹೋಯಿತು. ನಡುವೆ ಒಂದು ದಿನ ತಪ್ಪಿದರೆ ಏನೂ ಕೆಡಲಿಲ್ಲ ಅನ್ನುವುದೂ ಅದರಲ್ಲೇ ಗೊತ್ತಾಯಿತು. ಹೊಸದನ್ನು ಈಗಾಗಲೇ ಇರುವ ಯಾವುದಾದರೂ ಕೆಲಸಕ್ಕೆ ಕಟ್ಟಿಹಾಕಿದರೆ ಸುಲಭ: ಶಾಲೆಯಿಂದ ಬಂದು ಬ್ಯಾಗ್ ಇಟ್ಟ ಕೂಡಲೇ ಬೂಟು ಹಾಕಿಕೊಳ್ಳುವುದು, ಊಟಕ್ಕೆ ಕೂತ ಕೂಡಲೇ ಮೊದಲು ತರಕಾರಿ ಬಡಿಸಿಕೊಳ್ಳುವುದು. ಒಂದು ಸಲಕ್ಕೆ ಒಂದೇ ಸಾಕು. ಯಾವುದು ಅನ್ನುವುದನ್ನು ಇವತ್ತು ರಾತ್ರಿ ಊಟಕ್ಕೆ ಕೂತಾಗ ಅವರನ್ನೇ ಕೇಳಿ.